ತಿರುಗಿಸಿದರೆ ಮಾತ್ರ ಆಟ!

ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಗೆ ಹೋಗಿ ಬಂದ ಮಕ್ಕಳಿಗೆ ಗುಂಡಿನ ಡಬ್ಬಿಯ ಆಟ ಗೊತ್ತಿರಬಹುದು. ಪಾರದರ್ಶಕ ಮುಚ್ಚಳ, ಒಳಗೆ ಎರಡು ಮೂರು ಪುಟ್ಟ ಉಕ್ಕಿನ ಗುಂಡು. ಡಬ್ಬಿಯನ್ನು ಅತ್ತಿತ್ತ ವಾಲಿಸುತ್ತಾ ಗುಂಡುಗಳನ್ನು ಕುಳಿಯಲ್ಲಿ ಕೂರಿಸಬೇಕು. ಇಂಥದ್ದೇ ಒಂದು ಆಟ 1889ರಲ್ಲಿ ಅಮೆರಿಕವನ್ನೇ ಮರುಳುಗೊಳಿಸಿತ್ತು. ಇದೇ ಕೈಚಳಕವನ್ನು ವಿದ್ಯುನ್ಮಾನ ಆಟದೊಳಗೆ ತಂದರೆ ಹೇಗಿರುತ್ತದೆ?

ಜಪಾನಿನ ನಿಂಟೆಂಡೊ ಸಂಸ್ಥೆ ಅದನ್ನು ಮಾಡಿ ತೋರಿಸಿತು. 2004ರಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಈ ಆಟದ ಇಂಗ್ಲಿಷ್ ಹೆಸರು 'ವಾರಿಯೋವೇರ್: ಟ್ವಿಸ್ಟೆಡ್'. ಆಡುವುದು 'ಗೇಮ್ ಬಾಯ್ ಅಡ್ವಾನ್ಸ್' ಎಂಬ ಅಂಗೈಯಗಲದ ಯಂತ್ರದಲ್ಲಿ. ಕಥೆಯೇ ತಮಾಷೆಯದು. ವಾರಿಯೋ ಎಂಬ ದುರಾಸೆಯ ಮೀಸೆಯವನು ಸಿಟ್ಟಿನಲ್ಲಿ ತನ್ನ ಆಟದ ಯಂತ್ರವನ್ನು ಒಡೆದುಹಾಕುತ್ತಾನೆ. ರಿಪೇರಿಗೆ ಕೊಟ್ಟರೆ, ದಿಕ್ಕಿನ ಗುಂಡಿಯೇ ಇಲ್ಲದ ಯಂತ್ರಗಳು ವಾಪಸು ಬರುತ್ತವೆ! ಇನ್ನು ತಿರುಗಿಸಿಯೇ ಆಡಬೇಕು. ಒಳಗೆ ಇನ್ನೂರಕ್ಕೂ ಹೆಚ್ಚು ಕಿರು ಆಟಗಳು. ಹೆಚ್ಚಿನವು ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತವೆ.

ಸ್ವಾರಸ್ಯ ಇರುವುದು ಕಾರ್ಟ್ರಿಜ್‌ನಲ್ಲಿ. ತಿರುಗುವಿಕೆಯನ್ನು ಅಳೆಯುವ ಗೈರೊ ಸಂವೇದಕ ಯಂತ್ರದಲ್ಲಿಲ್ಲ, ಆಟದ ಕಾರ್ಟ್ರಿಜ್‌ನೊಳಗೇ ಇದೆ. ಗೈರೊ ಎಂದೊಡನೆ ಬುಗುರಿಯಂತೆ ಸುತ್ತುವ ಚಕ್ರ ನೆನಪಾದೀತು. ಇಲ್ಲಿ ಚಕ್ರವಿಲ್ಲ, ಸದಾ ಕಂಪಿಸುವ ಒಂದು ಪುಟ್ಟ ತುಣುಕಿದೆ. ತಿರುಗುತ್ತಿರುವ ದುಂಡು ಹಲಗೆಯ ಮೇಲೆ ನಡುವಿನಿಂದ ಅಂಚಿಗೆ ನಡೆಯುವವನನ್ನು ಯಾರೋ ಪಕ್ಕಕ್ಕೆ ತಳ್ಳಿದಂತಾಗುತ್ತದಲ್ಲವೇ? ಪಿಯುಸಿಯವರು ಇದನ್ನು ಕೊರಿಯೋಲಿಸ್ ಪರಿಣಾಮವೆಂದು ಗುರುತಿಸಬಲ್ಲರು. ಯಂತ್ರ ತಿರುಗಿದಾಗ ಕಂಪಿಸುವ ತುಣುಕೂ ಹಾಗೆಯೇ ಪಕ್ಕಕ್ಕೆ ಅಲುಗುತ್ತದೆ. ಅದು ಒತ್ತಿದರೆ ವಿದ್ಯುತ್ ಹೊಮ್ಮಿಸುವ ಪೀಜೋ ವಸ್ತುವಾದ್ದರಿಂದ, ಆ ಅಲುಗಾಟ ವಿದ್ಯುತ್ ಸಂಕೇತವಾಗುತ್ತದೆ.

ಸಂಗ್ರಾಹಕರು ಇದರ ಬೆನ್ನು ಬಿದ್ದಿರುವುದಕ್ಕೆ ಇದೂ ಒಂದು ಕಾರಣ. ಆಟದ ಮಾಹಿತಿಯನ್ನು ನಕಲು ಮಾಡಬಹುದು. ಸಂವೇದಕವಿಲ್ಲದ ಅಗ್ಗದ ಕಾರ್ಟ್ರಿಜ್ ತಂದರೆ ತಿರುಗಿಸಿದ್ದೇ ಬಂತು, ಪರದೆಯ ಮೇಲೆ ಏನೂ ಅಲ್ಲಾಡದು. ಯುರೋಪಿನಲ್ಲಿ ಈ ಆಟ ಬಿಡುಗಡೆಯಾಗಲೇ ಇಲ್ಲ, ಹಾಗಾಗಿ ಅಲ್ಲಿನವರೂ ಬೇರೆ ದೇಶದ ಪ್ರತಿಗಾಗಿ ಹುಡುಕುತ್ತಾರೆ. ಆಟದ ಒಳಗೂ ಸಂಗ್ರಹದ ಹುಚ್ಚಿದೆ: ಗೆದ್ದಂತೆಲ್ಲ ಚಿತ್ರವಿಚಿತ್ರ ಕಾಣಿಕೆಗಳು ಸಿಗುತ್ತವೆ. ಮಕ್ಕಳು ಹಟ ಹಿಡಿದರೆಂದು ಹಳೆಯ ಪ್ರತಿಗೆ ಹಣ ತೆರುವ ಪೋಷಕರು, ಮಾರುವವನ ಎದುರೇ ಯಂತ್ರಕ್ಕೆ ಹಾಕಿಸಿ, ತಿರುಗಿಸಿ ನೋಡುವುದು ಒಳ್ಳೆಯದು. ಹೊಳೆಯುವ ಪೆಟ್ಟಿಗೆ ಪುರಾವೆಯಲ್ಲ.

ಕೇವಲ ವಿಜ್ಞಾನ ತಿಳಿಯಬೇಕೆಂದರೆ ಇಷ್ಟು ಖರ್ಚು ಬೇಕಿಲ್ಲ. 2010ರ ಐಫೋನ್ 4ರಿಂದ ಗೈರೊ ಫೋನುಗಳಿಗೂ ಬಂದಿದೆ. (ಕಡಿಮೆ ಬೆಲೆಯ ಕೆಲವು ಫೋನುಗಳಲ್ಲಿ ಅದು ಇರುವುದಿಲ್ಲ, ಮೊದಲು ನೋಡಿಕೊಳ್ಳಿ.) ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ರೂಪಿಸಿದ 'ಫೈಫಾಕ್ಸ್' ಎಂಬ ಉಚಿತ ಆ್ಯಪ್ ಸಂವೇದಕದ ಅಳತೆಯನ್ನು ನಕ್ಷೆಯಾಗಿ ತೋರಿಸುತ್ತದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುವಾಗ ಅಪ್ಪನ ಫೋನನ್ನು ಚೀಲದ ಮೇಲೆ ಮಟ್ಟವಾಗಿ ಅಲುಗದಂತೆ ಇರಿಸಿ. ನೇರ ರಸ್ತೆಯಲ್ಲಿ ಗೈರೊ ಗೆರೆ ಸಣ್ಣಗೆ ನಡುಗುತ್ತಾ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಚಾಲಕ ಬ್ರೇಕ್ ಹಾಕಿದರೆ ನೀವು ಮುಂದಕ್ಕೆ ಮುಗ್ಗರಿಸುತ್ತೀರಿ, ಆದರೆ ಈ ಗೆರೆ ಹೆಚ್ಚು ಬದಲಾಗದು. ಅದನ್ನು ಹಿಡಿಯುವುದು ವೇಗೋತ್ಕರ್ಷ ಮಾಪಕ. ಬಸ್ಸು ಎಡಕ್ಕೆ ಹೊರಳಿದಾಗ ಗೆರೆ ಒಂದು ಕಡೆಗೆ ಏಳುತ್ತದೆ, ಬಲಕ್ಕೆ ಹೊರಳಿದಾಗ ಇನ್ನೊಂದು ಕಡೆಗೆ.