ಕಾಯುವಿಕೆಯೂ ಕ್ರಿಯಾಕಾಲವೂ

ಕನ್ನಡದ ‘ಕಾಯು’ ಎಂಬ ಧಾತುವಿಗೆ ನಿರೀಕ್ಷಿಸು, ರಕ್ಷಿಸು ಎಂಬ ಎರಡರ್ಥಗಳೂ ರೂಢವಾಗಿವೆ. ಕಾಪು, ಕಾವಲು ಎಂಬ ಪದಗಳಲ್ಲಿ ಎರಡನೆಯದು ಸ್ಪಷ್ಟ. (ಬಿಸಿಯಾಗು ಎಂಬರ್ಥದ ‘ಕಾಯು’ ಬೇರೆಯದು, ಸಾಲಿನಲ್ಲಿ ನಿಂತ ರೋಗಿಗೆ ಅದೂ ಸಲ್ಲುವುದೆಂದು ಪರಿಹಾಸಕ್ಕೆ ಹೇಳಬಹುದು.) ಕಿವಿ, ಮೂಗು, ಗಂಟಲುಗಳ ರೋಗಿಗಳು ಆಸ್ಪತ್ರೆಗಾಗಿ ಕಾಯುವ ಕಾಲವನ್ನು ವಿಚಾರಿಸುವಾಗ ಈ ಅರ್ಥದ್ವಯವನ್ನು ವಿಂಗಡಿಸದಿದ್ದರೆ ಪ್ರಮಾದವುಂಟಾಗುತ್ತದೆ.

ಇದಕ್ಕೆ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು ಒಳ್ಳೆಯ ದೃಷ್ಟಾಂತ. ೧೯೪೮ರಲ್ಲಿ ಆರಂಭವಾದ ಈ ಸೇವೆಯಲ್ಲಿ ಮನೆವೈದ್ಯನು ರೋಗಿಯನ್ನು ತಜ್ಞನ ಬಳಿಗೆ ಕಳುಹಿಸಿದ ಮೇಲೆ, ನೂರಕ್ಕೆ ೯೨ ಮಂದಿಗಾದರೂ ೧೮ ವಾರಗಳೊಳಗೆ ಚಿಕಿತ್ಸೆ ಮೊದಲಾಗತಕ್ಕದ್ದೆಂದು ನಿಯಮ. ೨೦೧೬ರ ಆದಿಭಾಗದ ಅನಂತರ ೨೦೨೪ರ ಕೊನೆಯವರೆಗೂ ಈ ಪ್ರಮಾಣವು ಸಾಧಿತವಾಗಲಿಲ್ಲ. ೨೦೨೩ರಲ್ಲಿ ಎಲ್ಲ ವಿಭಾಗಗಳ ಪಟ್ಟಿಯೂ ಸೇರಿ ೭೫ ಲಕ್ಷವನ್ನು ಮೀರಿತು. ಒಬ್ಬನೇ ಎರಡು ರೋಗಗಳಿಗಾಗಿ ಎರಡು ಸಲ ಎಣಿಕೆಯಾಗಿರುವುದೂ ಉಂಟು.

ಆದರೆ ವಾರಗಳ ಎಣಿಕೆಯಿಂದಲೇ ವಿಷಯವು ಮುಗಿಯುವುದಿಲ್ಲ. ಮಕ್ಕಳಲ್ಲಿ ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ನಾಳವು ಗಿಡ್ಡಾಗಿಯೂ ಹೆಚ್ಚುಕಡಮೆ ಅಡ್ಡವಾಗಿಯೂ ಇರುವುದರಿಂದ ಕಿವಿತಮಟೆಯ ಹಿಂದೆ ಅಂಟುದ್ರವವು ನಿಂತು ಶ್ರವಣವು ಮಂದವಾಗುತ್ತದೆ. ಇದು ಬಹುಮಟ್ಟಿಗೆ ತಾನಾಗಿಯೇ ಹರಿದುಹೋಗುವುದು. ಆದಕಾರಣ ತಮಟೆಯಲ್ಲಿ ಸಣ್ಣ ಕೊಳವೆಯನ್ನಿಡುವ ಮೊದಲು ಮೂರು ತಿಂಗಳು ನೋಡಿ, ಶ್ರವಣವನ್ನು ಮರುಪರೀಕ್ಷಿಸುವುದು ಆ ದೇಶದ ವೈದ್ಯಪದ್ಧತಿ. ಇಲ್ಲಿ ಕಾಯುವುದೇ ಕಾಪು. ಇದಕ್ಕೆ ವಿರುದ್ಧವಾದುದು ಕಾರಣ ಕಾಣದೆ ಮೂರು ದಿನಗಳೊಳಗಾಗಿ ಬಂದೆರಗುವ ಕಿವುಡು. ಅದು ಸಂಭವಿಸಿ ೩೦ ದಿನಗಳು ಮೀರಿರದಿದ್ದರೆ ೨೪ ಗಂಟೆಗಳೊಳಗೆ ತಜ್ಞನು ನೋಡಬೇಕೆಂದು ೨೦೧೮ರ ಮಾರ್ಗಸೂಚಿಯು ವಿಧಿಸುತ್ತದೆ. ವಾರಗಳು ಕಳೆದಂತೆ ಸ್ಟೆರಾಯ್ಡ್ ಔಷಧದಿಂದ ಗುಣವಾಗುವ ಆಸೆಯು ಕ್ಷೀಣಿಸುತ್ತದೆ. ಇದನ್ನು ಗುಗ್ಗೆಯೆಂದೋ ನೆಗಡಿಯೆಂದೋ ಬಗೆದು ಸಾಮಾನ್ಯ ಪಟ್ಟಿಗೆ ಸೇರಿಸಿದರೆ, ೧೮ ವಾರಗಳ ನಿಯಮವು ಪಾಲಿತವಾದರೂ ಕಿವಿಯು ಹೋಯಿತು. ೪೫ ವರ್ಷ ದಾಟಿದವರಲ್ಲಿ ಬಿಡದೆ ನಿಂತ ಸ್ವರಭೇದವೂ ಅರ್ಬುದಶಂಕೆಯಿಂದ ಬೇರೆಯ, ಶೀಘ್ರವಾದ ದಾರಿಗೆ ಸೇರತಕ್ಕದ್ದು.

ಸುಶ್ರುತಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯದಲ್ಲಿ ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ, ವ್ಯಕ್ತಿ, ಭೇದ ಎಂದು ಆರು ಕ್ರಿಯಾಕಾಲಗಳು ಉಕ್ತವಾಗಿವೆ. ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಇದರಿಂದ ಸಾಧಿಸಹೊರಡುವುದು ಪಾಂಡಿತ್ಯವಲ್ಲ; ದೋಷವಿಚಾರವೇ ಬೇರೆ, ಇಂದಿನ ರೋಗವಿಜ್ಞಾನವೇ ಬೇರೆ. ಆದರೂ ಕಾಲವನ್ನು ಪಂಚಾಂಗದಿಂದಲ್ಲ, ರೋಗದ ನಡೆಯಿಂದ ಅಳೆಯಬೇಕೆಂಬ ದೃಷ್ಟಿಯು ಅಲ್ಲಿ ಸ್ಫುಟವಾಗಿದೆ. ಆಸ್ಪತ್ರೆಯ ಪಟ್ಟಿಯಲ್ಲಿ ರೋಗಿಯು ಬಂದ ದಿನವು ಕಾಣುತ್ತದೆ. ಆತನ ಕ್ರಿಯಾಕಾಲವನ್ನು ಮೊದಲು ನೋಡಿದ ವೈದ್ಯನೇ ಬರೆಯಬೇಕು.

ಮೂರು ತಿಂಗಳು ಕಾಯತಕ್ಕ ಮಗುವಿನ ವಿಷಯದಲ್ಲಿ ಉಪಾಧ್ಯಾಯರಿಗೂ ಕೆಲಸವುಂಟು. ಅದನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಗದ್ದಲವನ್ನು ತಗ್ಗಿಸಿ, ಮುಖಕ್ಕೆ ಮುಖ ಕೊಟ್ಟು ಮಾತನಾಡಬೇಕು. ಉತ್ತರಿಸದ ಮಗುವನ್ನು ಮಂದಬುದ್ಧಿಯೆಂದು ಗಣಿಸಬಾರದು.