ನಿಸರ್ಗ ಛಾಯಾಗ್ರಹಣದಲ್ಲಿ ವಿಮರ್ಶೆಯ ಸ್ಥಾನ

ನಿಸರ್ಗದ ಛಾಯಾಚಿತ್ರವು ಕೇವಲ ಅಲಂಕಾರದ ವಸ್ತುವಲ್ಲ. ಶಾಸನದಂತೆ ಅದೂ ಒಂದು ಸಾಕ್ಷ್ಯ. ಸಾಕ್ಷ್ಯವನ್ನು ಒದಗಿಸಿದವನೇ ಅದನ್ನು ಪರೀಕ್ಷಿಸಿದರೆ ಸಾಲದು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಅವರು ಓ. ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಲ್ಲಿ ಈ ಕಲೆಯನ್ನು ಕಲಿತು, ಕಿರಿಯರಿಗೂ ಕಲಿಸಿದರು. 1971ರಲ್ಲಿ ಇದೇ ನಗರದಲ್ಲಿ ಸ್ಥಾಪಿತವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯು ಇಂತಹ ಕಲಿಕೆಗೆ ಸಾಮೂಹಿಕ ನೆಲೆಯನ್ನು ಒದಗಿಸಿತು. ಬಲ್ಲವರ ಮುಂದಿಟ್ಟ ಚಿತ್ರದಲ್ಲಿ ಹಕ್ಕಿಯ ಕಣ್ಣು ಸ್ಫುಟವಾಗಿದೆಯೆ, ಹಿನ್ನೆಲೆಯು ನೋಟವನ್ನು ಚದುರಿಸುವುದೆ ಎಂಬ ಪ್ರಶ್ನೆಗಳು ಏಳುತ್ತವೆ. ಆದರೆ ಗೂಡಿಗೆ ಮರೆಯಾದ ಕೊಂಬೆಯನ್ನು ಕಡಿದು, ಮರಿಗಳನ್ನು ಬಿಸಿಲಿಗೂ ಕಾಗೆಗಳಿಗೂ ಒಡ್ಡಿ ತೆಗೆದ ಚಿತ್ರವಾದರೆ, ಅಂದವನ್ನು ಹೊಗಳದೆ ಅಪರಾಧವನ್ನು ತೋರಿಸುವುದೇ ವಿಮರ್ಶಕನ ಧರ್ಮ. ಪೀಣ್ಯದ ಕಾರ್ಖಾನೆಗಳಿಗೆ ಸಮೀಪದ ಲಗ್ಗೆರೆಯಲ್ಲಿ ಗೊರವಂಕದ ಚಿತ್ರ ತೆಗೆಯುವ ವಿದ್ಯಾರ್ಥಿಯೂ ಹೊಗಳುವವರಿಗಿಂತ ಮೊದಲು ದಿಟ ನುಡಿಯುವವರನ್ನು ಅರಸಬೇಕು.