ಬಿಸಿಲಿನ ಫಲಕವೂ ಶಕ್ತಿಯ ಸಂಚಯವೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲೂಕುಗಳ ಸೀಮೆಯಲ್ಲಿ ಮಳೆ ಕಡಮೆ. ಬಿಸಿಲಿಗೂ ಗಾಳಿಗೂ ಕೊರತೆಯಿಲ್ಲ. ಚಿತ್ರದುರ್ಗ ತಾಲೂಕಿನ ಹೋಬಳಿಗಳಲ್ಲೊಂದಾದ ಹಿರೇಗುಂಟನೂರಿನ ಬೆದ್ದಲು ಹೊಲಗಳಲ್ಲಿ ನಿಂತು ನೋಡುವವನಿಗೆ ಈ ಮಾತಿನ ನಿಜವು ಬೇರೆ ಪ್ರಮಾಣವಿಲ್ಲದೆ ವೇದ್ಯವಾಗುವುದು. ಇಂತಹ ಸೀಮೆಯಲ್ಲಿ ಬಾಳಿದ ಜನರು ತಲೆಮಾರುಗಳಿಂದ ಆಲೋಚಿಸುತ್ತ ಬಂದುದು ಮುಖ್ಯವಾಗಿ ಒಂದೇ ವಿಷಯವನ್ನು: ಬಂದಾಗ ಬಂದುದನ್ನು ಹಿಡಿದಿಟ್ಟು, ಬೇಕಾದಾಗ ಬೇಕಾದಷ್ಟನ್ನೇ ಬಳಸುವುದು ಹೇಗೆ? ಚಿತ್ರದುರ್ಗದ ಕೋಟೆಯಲ್ಲಿರುವ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ, ಕೆಳಗಿನ ಸಿಹಿನೀರು ಹೊಂಡ, ಸಂತೆ ಹೊಂಡ ಇವು ಆ ಆಲೋಚನೆಯ ಫಲಗಳು. ಬಂಡೆಗಳ ಮೇಲೆ ಬಿದ್ದ ಮಳೆಯು ಮೇಲಿನ ಹೊಂಡವನ್ನು ತುಂಬಿ, ಹೆಚ್ಚಾದುದು ಕೆಳಗಿನ ಹೊಂಡಕ್ಕೆ ಇಳಿಯುವಂತೆ ಇವುಗಳನ್ನು ಒಂದಕ್ಕೊಂದು ಹೊಂದಿಸಿದೆ.

ನೀರಿನ ವಿಷಯದಲ್ಲಿ ಹಳಬರು ಕೇಳಿದ ಪ್ರಶ್ನೆಯನ್ನೇ ಈಗ ಬಿಸಿಲಿನ ವಿಷಯದಲ್ಲಿ ಕೇಳಬೇಕಾಗಿದೆ. ಬಿಸಿಲನ್ನು ವಿದ್ಯುತ್ತಾಗಿ ಮಾರ್ಪಡಿಸುವ ಫಲಕಗಳೂ, ಆ ವಿದ್ಯುತ್ತನ್ನು ಕೂಡಿಡುವ ಬ್ಯಾಟರಿಗಳೂ ಹಳ್ಳಿಯ ಮನೆಯ ಮಾಳಿಗೆಯನ್ನೂ ಬೀದಿಯ ಕಂಬವನ್ನೂ ಸೇರಿವೆ. ಇವು ಬಿಡಿಬಿಡಿಯಾದ ಘಟಕಗಳು. ಒಂದರ ಪಕ್ಕಕ್ಕೆ ಮತ್ತೊಂದನ್ನು ಜೋಡಿಸುತ್ತ ಹೋದಂತೆ ಒಂದು ದೀಪಕ್ಕೆ ಸಾಕಾಗುವ ಶಕ್ತಿಯಿಂದ ಒಂದು ಪಟ್ಟಣಕ್ಕೆ ಸಾಕಾಗುವ ಶಕ್ತಿಯವರೆಗೆ ಬೆಳೆಸಬಹುದು. ಇವುಗಳ ತತ್ತ್ವವನ್ನೂ, ಇವುಗಳಿಂದ ಈ ಸೀಮೆಗೆ ಒದಗುವ ಲಾಭ ತೊಡಕುಗಳನ್ನೂ ಕೆರೆಯ ದೃಷ್ಟಾಂತದಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಬೆಳಕಿನಿಂದ ವಿದ್ಯುತ್ತು ಹುಟ್ಟಬಲ್ಲುದೆಂಬುದನ್ನು ಮೊದಲು ಕಂಡವನು ಫ್ರಾನ್ಸ್ ದೇಶದ ಎಡ್ಮಂಡ್ ಬೆಕೆರೆಲ್, ಅದು 1839ರಲ್ಲಿ. 1883ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ ಎಂಬವನು ಸೆಲೀನಿಯಂ ಧಾತುವಿನಿಂದ ಒಂದು ಕೋಶವನ್ನು ಮಾಡಿದನಾದರೂ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರರಲ್ಲೊಂದು ಪಾಲನ್ನು ಮಾತ್ರವೇ ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿದ್ದಿತು. ಬೆಳಕು ಲೋಹದಿಂದ ಎಲೆಕ್ಟ್ರಾನುಗಳನ್ನು ಹೊರಡಿಸುವ ರೀತಿಯನ್ನು 1905ರಲ್ಲಿ ಐನ್‌ಸ್ಟೈನ್ ವಿವರಿಸಿದನು. ಆದರೆ ಉಪಯೋಗಕ್ಕೆ ಬರುವಂತಹ ಕೋಶವು ಸಿದ್ಧವಾದುದು 1954ರಲ್ಲಿ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಸಿಲಿಕಾನ್ ಧಾತುವಿನಿಂದ ನೂರಕ್ಕೆ ಸುಮಾರು 6 ಪಾಲು ಬೆಳಕನ್ನು ವಿದ್ಯುತ್ತಾಗಿಸುವ ಕೋಶವನ್ನು ಆ ವರ್ಷ ಪ್ರಕಟಪಡಿಸಿದರು. ಇಂದು ಅಂಗಡಿಯಲ್ಲಿ ದೊರೆಯುವ ಒಳ್ಳೆಯ ಫಲಕಗಳಲ್ಲಿ ಈ ಪ್ರಮಾಣವು ನೂರಕ್ಕೆ 20ರ ಆಸುಪಾಸಿನಲ್ಲಿದೆ.

ಕೋಶದ ರಚನೆಯು ಕೇಳುವುದಕ್ಕೆ ಸರಳವಾದುದು. ಸಿಲಿಕಾನ್ ಮರಳಿನಿಂದ ತೆಗೆದ ಧಾತು. ಅದರ ತೆಳುವಾದ ಬಿಲ್ಲೆಯ ಒಂದು ಪದರಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ರಂಜಕವನ್ನು ಬೆರಸುವರು. ಅಲ್ಲಿ ಎಲೆಕ್ಟ್ರಾನುಗಳು ಹೆಚ್ಚಾಗುವುವು. ಇನ್ನೊಂದು ಪದರಕ್ಕೆ ಬೋರಾನನ್ನು ಬೆರಸುವರು. ಅಲ್ಲಿ ಎಲೆಕ್ಟ್ರಾನುಗಳ ಕೊರತೆಯುಂಟಾಗುವುದು. ಈ ಎರಡು ಪದರಗಳು ಕೂಡುವ ಎಡೆಯಲ್ಲಿ ಒಂದು ಬಗೆಯ ಇಳಿಜಾರು ಏರ್ಪಡುವುದು. ಬೆಳಕು ಬಿದ್ದು ಬಿಡುಗಡೆಯಾದ ಎಲೆಕ್ಟ್ರಾನು ಈ ಇಳಿಜಾರಿನಲ್ಲಿ ಒಂದೇ ದಿಕ್ಕಿಗೆ ಸರಿಯುವುದರಿಂದ, ಎರಡು ಕಡೆಗೂ ತಂತಿಯನ್ನು ಕೂಡಿಸಿದರೆ ಪ್ರವಾಹವು ಹರಿಯುವುದು. ಇಲ್ಲಿ ಸವೆಯುವ ವಸ್ತುವಿಲ್ಲ, ತಿರುಗುವ ಚಕ್ರವಿಲ್ಲ. ಆದರೆ ಕೋಶವು ಏನನ್ನೂ ಕೂಡಿಡುವುದಿಲ್ಲವೆಂಬುದನ್ನು ಮರೆಯಬಾರದು. ಬಿಸಿಲು ಸರಿದೊಡನೆ ಪ್ರವಾಹವು ನಿಲ್ಲುವುದು. ಫಲಕವು ಹಳ್ಳವೇ ಹೊರತು ಕೆರೆಯಲ್ಲ.

ಒಂದು ಕೋಶದ ಒತ್ತಡವು ಸುಮಾರು ಅರ್ಧ ವೋಲ್ಟ್ ಮಾತ್ರ. ಆದುದರಿಂದ ಅನೇಕ ಕೋಶಗಳನ್ನು ಸರಪಣಿಯಂತೆ ಒಂದರ ಹಿಂದೊಂದನ್ನು ಜೋಡಿಸಿ, ಗಾಜನ್ನು ಹೊದಿಸಿ, ಚೌಕಟ್ಟಿನಲ್ಲಿ ಕೂಡಿಸುವರು, ಇದೇ ಫಲಕ. 12 ವೋಲ್ಟಿನ ಬ್ಯಾಟರಿಯನ್ನು ತುಂಬುವ ಚಿಕ್ಕ ಫಲಕದಲ್ಲಿ ಸಾಮಾನ್ಯವಾಗಿ 36 ಕೋಶಗಳಿರುವುವು. ಸಾಲಾಗಿ ಜೋಡಿಸಿದರೆ ಒತ್ತಡವು ಹೆಚ್ಚುವುದು. ಪಕ್ಕಪಕ್ಕಕ್ಕೆ ಜೋಡಿಸಿದರೆ ಪ್ರವಾಹವು ಹೆಚ್ಚುವುದು. ನೀರಿನ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಕೆರೆಯ ಏರಿಯನ್ನು ಎತ್ತರಿಸಿದಂತೆ, ಎರಡನೆಯದು ಕಾಲುವೆಯನ್ನು ಅಗಲಿಸಿದಂತೆ. ಸಾಲಿನ ಜೋಡಣೆಯಲ್ಲಿ ಒಂದು ದೋಷವುಂಟು. ಒಂದು ಕೋಶದ ಮೇಲೆ ಮರದ ನೆರಳು ಬಿದ್ದರೂ, ಕಾಲುವೆಗೆ ಅಡ್ಡವಾಗಿ ಬಂಡೆಯುರುಳಿದಂತೆ, ಇಡೀ ಸಾಲಿನ ಪ್ರವಾಹ ಕುಗ್ಗುವುದು. ಇದನ್ನು ತಪ್ಪಿಸಲು ಪ್ರವಾಹವು ಪಕ್ಕದಿಂದ ಹಾದುಹೋಗುವಂತೆ ಡಯೋಡುಗಳನ್ನು ಇಟ್ಟಿರುವರು. ಹೀಗಿದ್ದರೂ ನೆರಳನ್ನೂ ಧೂಳನ್ನೂ ದೂರವಿಡುವುದೇ ಮೇಲು.

ಇನ್ನು ಕೂಡಿಡುವ ವಿಚಾರ. ಒಮ್ಮೆ ಬರಿದಾದರೂ ಮತ್ತೆ ತುಂಬಬಹುದಾದ ಸೀಸ ಮತ್ತು ಗಂಧಕಾಮ್ಲಗಳ ಬ್ಯಾಟರಿಯನ್ನು 1859ರಲ್ಲಿ ನಿರ್ಮಿಸಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಲಿಥಿಯಂ ಅಯಾನುಗಳ ಬ್ಯಾಟರಿಯು ಮಾರುಕಟ್ಟೆಗೆ ಬಂದುದು 1991ರಲ್ಲಿ. ಅದಕ್ಕೆ ತಳಹದಿಯನ್ನು ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಎರಡು ಬಗೆಗಳಲ್ಲಿಯೂ ತತ್ತ್ವವೊಂದೇ: ವಿದ್ಯುತ್ತನ್ನು ವಿದ್ಯುತ್ತಾಗಿಯೇ ಇಡದೆ ರಾಸಾಯನಿಕ ಮಾರ್ಪಾಡಾಗಿ ಇಟ್ಟು, ಬೇಕಾದಾಗ ಆ ಮಾರ್ಪಾಡನ್ನು ಹಿಂದಕ್ಕೆ ತಿರುಗಿಸುವುದು.

ಕೆರೆಗೆ ತೂಬೂ ಕೋಡಿಯೂ ಹೇಗೆ ಅವಶ್ಯವೋ ಬ್ಯಾಟರಿಗೂ ಹಾಗೆಯೇ. ತುಂಬಿದ ಮೇಲೂ ನೀರು ನುಗ್ಗಿದರೆ ಕೋಡಿಯಿಲ್ಲದ ಕೆರೆಯ ಏರಿ ಒಡೆಯುವುದು. ತುಂಬಿದ ಬ್ಯಾಟರಿಗೆ ಮತ್ತೂ ವಿದ್ಯುತ್ತು ನುಗ್ಗಿದರೆ ಅದು ಬಿಸಿಯೇರಿ ಕೆಡುವುದು. ಹಾಗೆಯೇ ತೂಬನ್ನು ಮುಚ್ಚದೆ ಕಡೆಯ ಹನಿಯವರೆಗೂ ಹರಿಯಬಿಟ್ಟರೆ ಬ್ಯಾಟರಿಯ ಆಯುಸ್ಸು ಬೇಗ ಮುಗಿಯುವುದು. ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ದಿನವೂ ತೆಗೆಯದಿರುವುದು ಹಿತ. ಫಲಕಕ್ಕೂ ಬ್ಯಾಟರಿಗೂ ನಡುವೆ ಕೂಡಿಸುವ ಚಿಕ್ಕ ಪೆಟ್ಟಿಗೆಯು ಈ ಎರಡು ಕೆಲಸಗಳನ್ನೂ ಮಾಡುವುದು. ಅದು ಯಂತ್ರರೂಪದ ನೀರಗಂಟಿ.

ಒಂದು ಲೆಕ್ಕದಿಂದ ಈ ವಿಷಯವು ಇನ್ನೂ ಸ್ಪಷ್ಟವಾಗುವುದು. ಒಂದು ಮನೆಗೆ 100 ವಾಟಿನ ಫಲಕವಿದೆಯೆನ್ನೋಣ. ದಿನವೊಂದರ ಬಿಸಿಲನ್ನು ಪೂರ್ಣತೀವ್ರತೆಯ 5 ಗಂಟೆಗಳಿಗೆ ಸಮವೆಂದು ಹಿಡಿದರೆ 500 ವಾಟ್‌ಗಂಟೆಗಳಷ್ಟು ಶಕ್ತಿಯು ಹುಟ್ಟುವುದು. ಬಿಸಿ, ಧೂಳು, ತಂತಿ, ಬ್ಯಾಟರಿಗಳಲ್ಲಿ ನಷ್ಟವಾಗುವುದನ್ನು ಕಳೆದರೆ 400 ಉಳಿಯಬಹುದು. 9 ವಾಟಿನ ನಾಲ್ಕು ದೀಪಗಳು 5 ಗಂಟೆ ಉರಿದರೆ 180, 30 ವಾಟಿನ ಒಂದು ಪಂಖ 6 ಗಂಟೆ ತಿರುಗಿದರೆ 180, ಒಟ್ಟು 360. ಹೀಗೆ ಆಯವು ವ್ಯಯಕ್ಕೆ ಸರಿಹೋಗುವುದು. 12 ವೋಲ್ಟ್, 100 ಆಂಪಿಯರ್‌ಗಂಟೆಯ ಬ್ಯಾಟರಿಯಲ್ಲಿ 1200 ವಾಟ್‌ಗಂಟೆಗಳಿದ್ದು ಅದರ ಅರ್ಧವಾದ 600ನ್ನು ಬಳಸಬಹುದಾದುದರಿಂದ, ಒಂದು ದಿನ ಮೋಡ ಕವಿದರೂ ಮನೆಯು ಕತ್ತಲಾಗದು.

ಈ ಲೆಕ್ಕವನ್ನು ಮೀರಿದರೆ ಆಗುವ ತೊಡಕಿಗೆ ಈ ಸೀಮೆಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಹಿರಿಯೂರು ತಾಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನದವರು 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ವಾಣಿವಿಲಾಸಸಾಗರವು 1933ರಲ್ಲಿ ಕೋಡಿ ಹರಿಯಿತು. ಮತ್ತೆ ಕೋಡಿ ಹರಿದುದು 89 ವರ್ಷಗಳ ತರುವಾಯ, 2022ರಲ್ಲಿ. ಪಾತ್ರೆಯು ಹಿರಿದು, ಬರುವ ನೀರು ಕಿರಿದು. ಜಲಾಶಯಕ್ಕೆ ಇದರಿಂದ ಕೇಡಿಲ್ಲ. ಅರ್ಧ ತುಂಬಿದ ಕೆರೆಯೂ ಕೆರೆಯೇ. ಸೀಸದ ಬ್ಯಾಟರಿಗಾದರೋ ಹಾಗಲ್ಲ. ಫಲಕವು ಚಿಕ್ಕದಾಗಿ ಬ್ಯಾಟರಿಯು ದೊಡ್ಡದಾದರೆ ಅದು ಎಂದಿಗೂ ಪೂರ್ತಿಯಾಗಿ ತುಂಬದೆ, ಒಳಗಿನ ತಗಡುಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂತು, ವರ್ಷಗಳು ಬಾಳಬೇಕಾದುದು ತಿಂಗಳುಗಳಲ್ಲಿ ಕೆಡುವುದು. ದೊಡ್ಡದೇ ಒಳ್ಳೆಯದೆಂಬ ನಂಬಿಕೆಯಿಂದ ಸಾಲ ಮಾಡಿ ಕೊಂಡವನಿಗೆ ಇದು ಸಣ್ಣ ನಷ್ಟವಲ್ಲ.

ಫಲಕವನ್ನೂ ಬ್ಯಾಟರಿಯನ್ನೂ ಒಂದೇ ಒಡಲಲ್ಲಿ ಕೂಡಿಸಿಬಿಟ್ಟರೆ ಹೇಗೆ? ಊರುಗಳ ಬೀದಿದೀಪಗಳಲ್ಲಿ ಇಂತಹ ರಚನೆಯು ಈಗ ಸಾಮಾನ್ಯವಾಗಿದೆ: ಮೇಲೆ ಫಲಕ, ಅದರ ಬೆನ್ನಿಗೆ ಲಿಥಿಯಂ ಬ್ಯಾಟರಿ, ಕೆಳಗೆ ದೀಪ. ತಂತಿ ಕಡಮೆ, ಜೋಡಿಸುವುದು ಸುಲಭ. ಆದರೆ ಬಯಲುಸೀಮೆಯ ಬೇಸಗೆಯಲ್ಲಿ ಫಲಕದ ಉಷ್ಣತೆಯು ಸುತ್ತಣ ಗಾಳಿಯದಕ್ಕಿಂತ 20ರಿಂದ 30 ಡಿಗ್ರಿಗಳಷ್ಟು ಹೆಚ್ಚುವುದುಂಟು. ಸಿಲಿಕಾನ್ ಫಲಕವು 25 ಡಿಗ್ರಿಯ ಮೇಲೆ ಒಂದೊಂದು ಡಿಗ್ರಿಗೂ ತನ್ನ ಶಕ್ತಿಯಲ್ಲಿ ನೂರಕ್ಕೆ ಸುಮಾರು 0.4ರಷ್ಟನ್ನು ಕಳೆದುಕೊಳ್ಳುವುದು, ಬ್ಯಾಟರಿಗಾದರೋ ಆ ಬಿಸಿಯು ಆಯುಸ್ಸನ್ನೇ ಕುಗ್ಗಿಸುವುದು. ಬಿಸಿಲಿಗೆ ಒಡ್ಡಿಕೊಳ್ಳಬೇಕಾದ ವಸ್ತುವನ್ನೂ ನೆರಳಿನಲ್ಲಿರಬೇಕಾದ ವಸ್ತುವನ್ನೂ ಒಂದೇ ಕಡೆ ಕಟ್ಟಿದರೆ ಬರುವ ವಿರೋಧವಿದು. ಎರಡಕ್ಕೂ ನಡುವೆ ಗಾಳಿಯಾಡಲು ಎಡೆ ಬಿಡುವುದು, ಇಲ್ಲವೆ ಬ್ಯಾಟರಿಯನ್ನು ಮನೆಯೊಳಗೆ ತಂಪಾದ ಎಡೆಯಲ್ಲಿಡುವುದು ಇದಕ್ಕೆ ಪರಿಹಾರ.

ಕನ್ನಡ ನಾಡಿನಲ್ಲಿ ಈ ಘಟಕಗಳು ಎರಡು ಬೇರೆ ಬೇರೆ ಮಾರ್ಗಗಳಲ್ಲಿ ಹರಡಿವೆ. ಒಂದು, ಮನೆಮನೆಯ ಮಾರ್ಗ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯು ಗ್ರಾಮೀಣ ಬ್ಯಾಂಕುಗಳಿಂದ ಸಾಲವನ್ನು ಒದಗಿಸಿ ಬಡವರ ಮನೆಗಳಿಗೂ ಬಿಡಿ ಅಂಗಡಿಗಳಿಗೂ ಫಲಕ, ಬ್ಯಾಟರಿ, ದೀಪಗಳನ್ನು ಮುಟ್ಟಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿಯು ಬಂದಿತು. ಇನ್ನೊಂದು, ಬಯಲಿಗೆ ಬಯಲನ್ನೇ ಹಾಸುವ ಮಾರ್ಗ. ಚಿತ್ರದುರ್ಗ ಜಿಲ್ಲೆಗೆ ತಾಗಿಕೊಂಡಿರುವ ಪಾವಗಡ ತಾಲೂಕಿನ ತಿರುಮಣಿ ಮೊದಲಾದ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಗಳ ಮೇಲೆ 2,050 ಮೆಗಾವಾಟಿನ ಸೌರವನವು 2018ರಲ್ಲಿ ಉದ್ಘಾಟನೆಗೊಂಡು 2019ರ ಕೊನೆಗೆ ಪೂರ್ಣವಾಯಿತು. ರೈತರಿಂದ ನೆಲವನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳ ಗೇಣಿಯನ್ನು ಗೊತ್ತುಮಾಡಿ ಗುತ್ತಿಗೆಗೆ ಪಡೆದುದು ಅದರ ವಿಶೇಷ. ಮಳೆಯನ್ನು ನಂಬಿ ಶೇಂಗಾ ಬಿತ್ತುತ್ತಿದ್ದ ಹಿಡುವಳಿದಾರನಿಗೆ ಇದು ನಿಶ್ಚಿತವಾದ ಆದಾಯ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನನಿಗೂ, ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಗೇಣಿಯ ಪಾಲಿಲ್ಲ. ಅಲ್ಲದೆ ಅಲ್ಲಿನ ವಿದ್ಯುತ್ತು ಹುಟ್ಟಿದೊಡನೆ ದೂರದ ಜಾಲವನ್ನು ಸೇರುವಂತೆ ಆ ವನವನ್ನು ಕಟ್ಟಲಾಯಿತು. ಮೊದಲನೆಯ ಮಾರ್ಗವು ಊರಿನ ಕಟ್ಟೆಯಾದರೆ ಎರಡನೆಯದು ಪಟ್ಟಣಕ್ಕೆ ಹರಿಯುವ ನಾಲೆ. ಎರಡೂ ಬೇಕು, ಆದರೆ ಒಂದು ಇನ್ನೊಂದರ ಕೆಲಸವನ್ನು ಮಾಡದು.

ಈ ಸೀಮೆಯ ರೈತನಿಗೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆಯು ಕೊಳವೆಬಾವಿಯದು. ಪಂಪಿಗೆ ಬೇಕಾದ ಮೂರು ಫೇಸಿನ ವಿದ್ಯುತ್ತು ಅನೇಕ ವೇಳೆ ರಾತ್ರಿಯಲ್ಲಿ ಬರುವುದರಿಂದ, ಹಾವು ಚೇಳುಗಳ ಭಯದಲ್ಲಿ ಹೊಲಕ್ಕೆ ಹೋಗಿ ನೀರು ಕಟ್ಟುವ ಕಷ್ಟವು ಯಾರಿಗೂ ತಿಳಿಯದುದಲ್ಲ. 2019ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಕುಸುಮ್ ಯೋಜನೆಯು ಹಗಲಿನ ಬಿಸಿಲಿನಿಂದಲೇ ಪಂಪನ್ನು ನಡೆಸುವ ದಾರಿಯನ್ನು ತೋರಿತು. ಇಲ್ಲಿ ಬ್ಯಾಟರಿಯೇ ಬೇಕಿಲ್ಲ: ಹಗಲು ನೀರನ್ನೆತ್ತಿ ತೊಟ್ಟಿಯಲ್ಲಿಯೋ ಕೃಷಿಹೊಂಡದಲ್ಲಿಯೋ ನಿಲ್ಲಿಸಿದರೆ ಸಾಕು. ಆದರೂ ನೀರನ್ನು ಮೇಲಕ್ಕೆತ್ತಿಟ್ಟು, ಅದು ಕೆಳಗಿಳಿಯುವಾಗ ವಿದ್ಯುತ್ತನ್ನು ಮರಳಿ ಪಡೆಯುವೆನೆಂದು ರೈತನು ಎಣಿಸುವಂತಿಲ್ಲ. ಮೇಲೆ ಹೇಳಿದ 1200 ವಾಟ್‌ಗಂಟೆಯ ಬ್ಯಾಟರಿಯಲ್ಲಿರುವಷ್ಟು ಶಕ್ತಿಗಾಗಿ ಸುಮಾರು 44,000 ಲೀಟರು ನೀರನ್ನು 10 ಮೀಟರು ಎತ್ತರದಲ್ಲಿ ನಿಲ್ಲಿಸಬೇಕಾಗುವುದು. ಆ ವಿಧಾನವು ದೊಡ್ಡ ಜಲಾಶಯಗಳಿಗೆ ತಕ್ಕುದು. ಹೊಲದ ತೊಟ್ಟಿಯ ಪ್ರಯೋಜನ ನೀರೇ.

ಇಷ್ಟರಲ್ಲಿಯೇ ಒಂದು ಅಪಾಯವೂ ಅಡಗಿದೆ. ಬಿಸಿಲಿಗೆ ಬಿಲ್ಲಿಲ್ಲ. ಬಿಲ್ಲಿಲ್ಲದ ಪಂಪು ಬೆಳಗಿನಿಂದ ಸಂಜೆಯವರೆಗೂ ನಡೆದರೆ, ಅಂತರ್ಜಲವು ಈಗಾಗಲೇ ಮಿತಿಮೀರಿ ಬಳಕೆಯಾಗಿರುವ ಈ ಜಿಲ್ಲೆಯಲ್ಲಿ ಬಾವಿಗಳು ಇನ್ನೂ ಆಳಕ್ಕಿಳಿಯುವುವು. ಶಕ್ತಿಯ ಕೆರೆಯನ್ನು ತುಂಬಲು ಹೋಗಿ ನೀರಿನ ಕೆರೆಯನ್ನು ಬರಿದುಮಾಡಿದಂತಾಗಬಾರದು. ಬಳಸದೆ ಮಿಕ್ಕ ವಿದ್ಯುತ್ತನ್ನು ಜಾಲಕ್ಕೆ ಮಾರುವ ಅವಕಾಶವು ರೈತನಿಗೆ ನಿಜವಾಗಿ ದೊರೆತರೆ, ಪಂಪನ್ನು ನಿಲ್ಲಿಸುವುದರಲ್ಲಿಯೂ ಅವನಿಗೆ ಲಾಭವಿರುವುದು. ಹಳೆಯ ಬ್ಯಾಟರಿಯ ವಿಷಯದಲ್ಲಿಯೂ ಎಚ್ಚರಿಕೆಯು ಅವಶ್ಯ. ಸೀಸವು ವಿಷ. ಮುಗಿದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ.

ಕೊನೆಯದಾಗಿ ಹೆಸರುಗಳ ವಿಚಾರ. ಬ್ಯಾಟರಿಯೆಂಬ ಮಾತು ಮೊದಲು ಸಾಲಾಗಿ ನಿಲ್ಲಿಸಿದ ಫಿರಂಗಿಗಳಿಗೆ ಸಂದಿದ್ದು, 1749ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಅದನ್ನು ವಿದ್ಯುತ್ಪಾತ್ರೆಗಳ ಸಾಲಿಗೆ ಬಳಸಿದನು. ನಮ್ಮ ಹಳ್ಳಿಗಳಲ್ಲಿ ಅದು ‘ಬ್ಯಾಟ್ರಿ’ಯಾಗಿ ಕೈದೀಪಕ್ಕೇ ಹೆಸರಾಯಿತು. ಫಲಕವೆಂದರೆ ಹಲಗೆ. ಕೋಶವೆಂಬುದು ಬೊಕ್ಕಸವನ್ನೂ ಹೇಳುವ ಮಾತಾದರೂ, ಬಿಸಿಲನ್ನು ಹಿಡಿಯುವ ಬಿಲ್ಲೆಗೆ ಆ ಅರ್ಥವು ಹೊಂದದು. ಅದು ದುಡಿಯುವುದೇ ಹೊರತು ಕೂಡಿಡುವುದಿಲ್ಲ. ಹೆಸರಿನಿಂದ ಹುಟ್ಟುವ ಈ ಭ್ರಮೆಯನ್ನು ತರಗತಿಯಲ್ಲಿ ತಿದ್ದುವಾಗ ಉಪಾಧ್ಯಾಯರಿಗೆ ಹಳ್ಳ, ಕೆರೆ, ತೂಬು, ಕೋಡಿ ಎಂಬ ನಾಲ್ಕು ಮಾತುಗಳು ಸಾಕಾಗುವುವು. ಹಿರೇಗುಂಟನೂರಿನ ವಿದ್ಯಾರ್ಥಿಗೆ ಇವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.